ಕಡಲಾಚೆಯ ಬಾಣಂತಿ

ಹೆಣ್ಣುಮಗಳು ಹೆರಿಗೆಗೆ ತವರಿಗೆ ಬರುವುದು ನಮ್ಮ ನಾಡಿನ ಹಳೆಯ ರೂಢಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು, ಬೆಚ್ಚನೆಯ ಕೋಣೆ ಇವೆಲ್ಲವೂ ದೇಹದ ಆರೈಕೆಗೆಂದೇ ನಾವು ಭಾವಿಸುತ್ತೇವೆ. ಇವುಗಳೊಡನೆ ಮನಸ್ಸಿನ ಆರೈಕೆಯೂ ಸದ್ದಿಲ್ಲದೆ ನಡೆಯುತ್ತಿತ್ತು. ಮಗುವನ್ನೆತ್ತಿಕೊಳ್ಳಲು ಅಜ್ಜಿ, ಅತ್ತಿಗೆ, ನೆರೆಯವರು ಇದ್ದುದರಿಂದ ಬಾಣಂತಿಗೆ ನಿದ್ರೆ ದೊರೆಯುತ್ತಿತ್ತು. ಅವಳ ದುಗುಡವನ್ನು ಕೇಳುವವರೂ ಇದ್ದರು.

ಇಂದು ನಮ್ಮ ಹೆಣ್ಣುಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಹಡೆಯುತ್ತಿದ್ದಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯು ಮದ್ದೂರು ತಾಲ್ಲೂಕಿನ ನಿಡಘಟ್ಟವನ್ನು ಬೆಂಗಳೂರಿಗೆ ಹತ್ತಿರವಾಗಿಸಿತು. ಆದರೆ ಅಲ್ಲಿಯ ತಾಯಿಯೊಬ್ಬಳು ಕಡಲಾಚೆಯ ಮಗಳ ಬಾಣಂತನಕ್ಕೆ ಹೊರಡಬೇಕಾದರೆ ವೀಸಾ ಬೇಕು, ಹಣ ಬೇಕು. ಹೋದರೂ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳಿಗೆ ಮೀರಿ ಇರುವಂತಿಲ್ಲ. ಗಂಡ ಕೆಲಸಕ್ಕೆ ತೆರಳಿದ ಮೇಲೆ ಮುಚ್ಚಿದ ಮನೆಯಲ್ಲಿ ಹಸುಗೂಸಿನೊಡನೆ ಅವಳೊಬ್ಬಳೇ.

ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರಗಳೊಳಗೆ ಅದು ತಾನಾಗಿ ಶಮನವಾಗುತ್ತದೆ. ಅದನ್ನು ಮೀರಿಯೂ ದುಃಖ ಉಳಿದರೆ, ಮಗು ಮಲಗಿದರೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವಿನಲ್ಲಿ ಮಮತೆ ಮೂಡದಿದ್ದರೆ, ತಾನು ಕೆಟ್ಟ ತಾಯಿಯೆಂಬ ಭಾವನೆ ಕಾಡಿದರೆ ಅದು ಹೆರಿಗೆಯ ನಂತರದ ಖಿನ್ನತೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಹಡೆದ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಮಾನಸಿಕ ತೊಂದರೆಯುಂಟಾಗುತ್ತದೆ. ಅದರಲ್ಲಿ ಖಿನ್ನತೆಯೇ ಮುಖ್ಯ. ಹಾರ್ಮೋನುಗಳ ಏರುಪೇರು, ನಿದ್ರಾಹೀನತೆ, ಒಂಟಿತನ ಇದಕ್ಕೆ ಇಂಬು ಕೊಡುತ್ತವೆ. ಪರದೇಶದಲ್ಲಿ ಈ ಒಂಟಿತನವೇ ಹೆಚ್ಚು.

ಹಿರಿಯರು ಹೇಳುವ ಬಾಣಂತಿ ಸನ್ನಿ ಇದಕ್ಕಿಂತ ಬೇರೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಅದರಲ್ಲಿ ಇಲ್ಲದ ದನಿಗಳು ಕೇಳಿಸುತ್ತವೆ, ಮಾತು ತಪ್ಪುತ್ತದೆ. ಆಗಲೂ, ತನಗಾಗಲಿ ಮಗುವಿಗಾಗಲಿ ಕೇಡು ಮಾಡಿಕೊಳ್ಳುವ ಯೋಚನೆ ಬಂದಾಗಲೂ ಅವಳನ್ನು ಒಂಟಿಯಾಗಿ ಬಿಡದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಶರಣ ಧರ್ಮವು ಪಂಚಸೂತಕಗಳನ್ನು ನಿರಾಕರಿಸಿತು. ಅವುಗಳಲ್ಲಿ ಜನನಸೂತಕವೂ ಒಂದು. ಲಿಂಗವಂತೆಯಾದ ಬಾಣಂತಿಗೆ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆಗೆ ಸೇರಿದವರು ಅವಳ ಮನೋವ್ಯಾಧಿಯನ್ನು ಮನೆತನಕ್ಕೆ ಕಳಂಕವೆಂದು ಮುಚ್ಚಿಡುವುದು ಯಾವ ನ್ಯಾಯ? ಜ್ವರ ಬಂದವಳಿಗೆ ಔಷಧ ಕೊಡಿಸುವ ನಾವು ಖಿನ್ನಳಾದವಳಿಗೆ ಬುದ್ಧಿವಾದವನ್ನಷ್ಟೇ ಹೇಳುತ್ತೇವೆ.

ಈ ವ್ಯಾಧಿಗೆ ಚಿಕಿತ್ಸೆಯುಂಟು. ಆಪ್ತಸಮಾಲೋಚನೆಯಿಂದ ಅನೇಕರು ಗುಣಮುಖರಾಗುತ್ತಾರೆ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಅವುಗಳನ್ನು ವೈದ್ಯರೇ ನಿರ್ಧರಿಸಬೇಕು. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳನ್ನು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಾಣಂತಿಯರಿಗೆ ಕೇಳುತ್ತಾರೆ. ಅವಕ್ಕೆ ಸಂಕೋಚವಿಲ್ಲದೆ ಉತ್ತರಿಸುವಂತೆ ಮಗಳಿಗೆ ಮೊದಲೇ ತಿಳಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವು 2009ರಿಂದ ಇದೆ. ಭಾರತದಲ್ಲಿರುವವರು ಟೆಲಿಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಅಳಿಯಂದಿರು ರಾತ್ರಿಯ ಒಂದು ಪಾಳಿಯಾದರೂ ಮಗುವನ್ನು ನೋಡಿಕೊಂಡು ಹೆಂಡತಿಗೆ ನಿದ್ರೆ ಒದಗಿಸಲಿ. ಅಲ್ಲಿಯ ಸಮಾಜಬಾಂಧವರು ತೊಟ್ಟಿಲ ಶಾಸ್ತ್ರಕ್ಕೆ ಬಂದು ಉಂಡು ಹೋಗುವುದಕ್ಕಿಂತ ವಾರಕ್ಕೊಮ್ಮೆ ಬುತ್ತಿ ಕೊಟ್ಟು ಬಂದರೆ ಅದೇ ದಾಸೋಹ. ಇಲ್ಲಿರುವ ತಂದೆತಾಯಿಗಳು ವಿಡಿಯೋ ಕರೆಯಲ್ಲಿ ಮೊಮ್ಮಗುವನ್ನು ತೋರಿಸೆನ್ನುವ ಮುನ್ನ, ನೀನು ನಿದ್ರೆ ಮಾಡಿದೆಯಾ, ನಿನ್ನ ಮನಸ್ಸು ಹೇಗಿದೆಯವ್ವಾ ಎಂದು ಕೇಳಲಿ. ಅವಳು ಉತ್ತರಿಸುವವರೆಗೆ ತಾಳ್ಮೆಯಿಂದ ಕಾಯಲಿ.