ಹಳೇ ಬೈಕು: ರಿಪೇರಿ ಮಾಡಿಸೋಣ್ವಾ, ಬಿಟ್ಟುಬಿಡೋಣ್ವಾ?

ಎಂಟು ಕಿಕ್ ಹೊಡೆದ ಮೇಲೆ ಒಂದು ಸಲ ಗೊರ್ ಅಂದು ಸುಮ್ಮನಾಗುವ ಬೈಕು ನಿಮ್ಮ ಮನೆ ಮುಂದೆಯೂ ಇದೆಯೇ? ಮದುವೆಯಾದ ಹೊಸತರಲ್ಲಿ ಕಂತಿನ ಮೇಲೆ ತೆಗೆದುಕೊಂಡಿದ್ದು. ಮಗುವಿಗೆ ಜ್ವರ ಬಂದಾಗ ಮಧ್ಯರಾತ್ರಿ ಆಸ್ಪತ್ರೆಗೆ ಓಡಿದ್ದು ಅದರಲ್ಲೇ. ಈಗ ತಿಂಗಳಿಗೊಮ್ಮೆ ಮೆಕ್ಯಾನಿಕ್ ಅಂಗಡಿ ಸೇರುತ್ತಿದೆ. ‘ಇನ್ನೈದು ವರ್ಷ ಆರಾಮಾಗಿ ಓಡುತ್ತೆ ಬಿಡು’ ಅಂತಾರೆ ಯಜಮಾನ್ರು. ‘ಗುಜರಿಗೆ ಹಾಕಪ್ಪಾ’ ಅಂತಾನೆ ಮಗ. ಮಧ್ಯೆ ತಿಂಗಳ ಖರ್ಚು ಸರಿದೂಗಿಸುವ ನೀವು!

ಗಾಡಿ ವಿಷಯ ನಮಗೇನು ಗೊತ್ತಾಗುತ್ತೆ ಅಂತ ಸುಮ್ಮನಾಗಬೇಡಿ. ಹಿಂದಿನ ಸೀಟಿನಲ್ಲಿ ಕೂರುವವರು ನೀವು, ದುಡ್ಡು ಹೊಂದಿಸುವವರೂ ನೀವೇ. ಗಾಡಿ ಓಡಿಸೋಕೆ ಸುರಕ್ಷಿತವಾ, ತಿಂಗಳಿಗೆ ಎಷ್ಟು ಬೀಳುತ್ತೆ, ಕಾಗದಪತ್ರ ಸರಿಯಿದೆಯಾ- ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ತೀರ್ಮಾನ ತಾನಾಗಿ ಸಿಗುತ್ತದೆ.

ಸವೆತವೋ, ಕಾಯಿಲೆಯೋ?

ಮಿಕ್ಸಿ ಜಾರಿನ ಬ್ಲೇಡು ಮೊಂಡಾದರೆ ಹೊಸ ಮಿಕ್ಸಿ ತರುವುದಿಲ್ಲ, ಬ್ಲೇಡು ಬದಲಾಯಿಸುತ್ತೀರಿ ಅಲ್ವಾ? ಬೈಕಿನಲ್ಲೂ ಸವೆಯಲೆಂದೇ ಇರುವ ಭಾಗಗಳಿವೆ. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನು-ಸ್ಪ್ರಾಕೆಟ್, ಟೈರು, ಬ್ಯಾಟರಿ, ಸ್ಪಾರ್ಕ್ ಪ್ಲಗ್, ಕೇಬಲ್‌ಗಳು ಈ ಸಾಲಿನವು. ಇವು ಹೋದವು ಅಂತ ಗಾಡಿ ಹಳಿಯಬೇಕಿಲ್ಲ, ಹಾಕಿಸಿದರೆ ಮತ್ತೆ ಸರಿಹೋಗುತ್ತದೆ.

ಸೈಲೆನ್ಸರ್‌ನಿಂದ ಬಿಳಿ-ನೀಲಿ ಹೊಗೆ ಬರುತ್ತಿದ್ದರೆ ಸ್ವಲ್ಪ ಗಂಭೀರ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಇದರರ್ಥ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು. ಪಿಸ್ಟನ್ ರಿಂಗೋ, ವಾಲ್ವ್ ಸೀಲೋ ಸವೆದಿರುತ್ತದೆ. ಮೆಕ್ಯಾನಿಕ್ ‘ಬೋರ್ ಮಾಡಿಸ್ಬೇಕು ಮೇಡಂ’ ಅನ್ನೋದು ಆಗಲೇ. ಖರ್ಚು ಜಾಸ್ತಿ, ಆದರೂ ಸರಿಯಾಗುವ ಕಾಯಿಲೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ಕಾರ್ಬುರೇಟರ್ ನೋಡಿಸಿ. ಎಷ್ಟೋ ಸಲ ಸಣ್ಣ ಖರ್ಚಿನಲ್ಲೇ ಮುಗಿಯುತ್ತದೆ. ಯೆಜ್ಡಿ, ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲ್ ಜೊತೆ ಆಯಿಲ್ ಉರಿಯುವುದೇ ಕ್ರಮ. ಅಲ್ಲಿ ಸ್ವಲ್ಪ ಹೊಗೆ ಕಂಡರೆ ಗಾಬರಿ ಬೇಡ.

ಚಾಸಿಸ್ ವಿಷಯಕ್ಕೆ ಬಂದರೆ ಮಾತ್ರ ರಾಜಿ ಬೇಡ. ಗಾಡಿಯ ಬೆನ್ನೆಲುಬು ಅದು. ಬಿರುಕು ಬಿಟ್ಟಿದ್ದರೆ, ತುಕ್ಕು ಹಿಡಿದು ತೂತಾಗಿದ್ದರೆ, ಅಪಘಾತದಲ್ಲಿ ಬಾಗಿ ವೆಲ್ಡಿಂಗ್ ಮಾಡಿಸಿದ್ದರೆ ಆ ಗಾಡಿಗೆ ದುಡ್ಡು ಸುರಿಯಬೇಡಿ. ಎಂಜಿನ್ ಕೆಟ್ಟರೆ ದಾರಿಯಲ್ಲಿ ನಿಲ್ಲುತ್ತೀರಿ, ಚಾಸಿಸ್ ಮುರಿದರೆ ಬೀಳುತ್ತೀರಿ.

ಹಿಂದೆ ಕೂತವರಿಗೇ ಮೊದಲು ಗೊತ್ತಾಗುತ್ತೆ

ಓಡಿಸುವವರಿಗೆ ಗಾಡಿಯ ಕುಂದು ಅಭ್ಯಾಸವಾಗಿಬಿಟ್ಟಿರುತ್ತದೆ. ನೀವು ಇವನ್ನು ಗಮನಿಸಿ:

* ಹಂಪ್ ಬಂದಾಗ ಬೆನ್ನಿಗೆ ಧಡ್ ಅಂತ ಹೊಡೆಯುತ್ತಾ? ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿದೆ.

* ತಿರುವಿನಲ್ಲಿ ಹಿಂಭಾಗ ಹಾವಿನಂತೆ ಅಲ್ಲಾಡುತ್ತಾ? ಸ್ವಿಂಗ್ ಆರ್ಮ್ ಬುಷ್ ಅಥವಾ ವೀಲ್ ಬೇರಿಂಗ್ ಸಡಿಲವಾಗಿರಬಹುದು. ತಕ್ಷಣ ತೋರಿಸಿ.

* ಫ್ಲೈಓವರ್ ಹತ್ತುವಾಗ ಎಂಜಿನ್ ಕಿರುಚಿದರೂ ಗಾಡಿ ಮುಂದೆ ಹೋಗುತ್ತಿಲ್ಲವೇ? ಕ್ಲಚ್ ಪ್ಲೇಟ್ ಜಾರುತ್ತಿದೆ.

* ಹ್ಯಾಂಡಲ್ ತಿರುಗಿಸುವಾಗ ಮಧ್ಯೆ ಸಿಕ್ಕಿಹಾಕಿಕೊಂಡಂತಾಗುತ್ತೆ ಅಂತ ಯಜಮಾನ್ರು ಹೇಳುತ್ತಾರೆಯೇ? ಕೋನ್ ಸೆಟ್ ಬದಲಿಸಬೇಕು.

* ಟೈರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಗುಂಡಿಗಳು ಚೆನ್ನಾಗಿ ಕಂಡರೂ ರಬ್ಬರ್ ಸೀಳು ಬಿಟ್ಟಿದ್ದರೆ ಬದಲಾಯಿಸಿ.

* ಸೀರೆ ಗಾರ್ಡ್, ಹಿಂದಿನ ಫುಟ್‌ರೆಸ್ಟ್ ಗಟ್ಟಿಯಾಗಿವೆಯೇ? ಹಳೇ ಗಾಡಿಯಲ್ಲಿ ಮೊದಲು ಅಲ್ಲಾಡುವುದು, ಕೊನೆಗೆ ರಿಪೇರಿಯಾಗುವುದು ಇವೇ. ಸೆರಗು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಪೆಟ್ರೋಲ್ ವಾಸನೆ ಬರುತ್ತಿದ್ದರೂ ಅಸಡ್ಡೆ ಮಾಡಬೇಡಿ. ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಇದಕ್ಕೆಂದು ತಯಾರಾದವಲ್ಲ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ಒಳಗೆ ತುಕ್ಕು ಹಿಡಿಯೋಕೆ ಇದೂ ಕಾರಣ. ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್ ನೋಡಲು ಹೇಳಿ.

ಡೈರಿ ತೆಗೆಯಿರಿ, ಲೆಕ್ಕ ಹಾಕಿ

‘ಹದಿನೈದು ಸಾವಿರ ಬಾಳೋ ಗಾಡಿಗೆ ಹನ್ನೊಂದು ಸಾವಿರ ರಿಪೇರಿನಾ?’ ಅನ್ನಿಸುವುದು ಸಹಜ. ಆದರೆ ಎಷ್ಟಕ್ಕೆ ಹೋಗುತ್ತೆ ಅನ್ನೋದು ಮಾರುವವರ ಲೆಕ್ಕ. ಓಡಿಸುವವರು ನೋಡಬೇಕಾದ್ದು ತಿಂಗಳಿಗೆ ಎಷ್ಟು ಬೀಳುತ್ತೆ ಅಂತ.

ಒಂದು ಉದಾಹರಣೆ ನೋಡಿ. ಬೋರ್-ಪಿಸ್ಟನ್, ಕ್ಲಚ್, ಚೈನು, ಟೈರು ಎಲ್ಲ ಸೇರಿ 11,000 ರೂಪಾಯಿ ಅಂದುಕೊಳ್ಳಿ. ಆಮೇಲೆ ಮೂರು ವರ್ಷ ದೊಡ್ಡ ತಕರಾರಿಲ್ಲದೆ ಓಡಿದರೆ ತಿಂಗಳಿಗೆ ಸುಮಾರು 305 ರೂಪಾಯಿ. ಆಯಿಲ್, ಸಣ್ಣಪುಟ್ಟ ಸರ್ವಿಸ್‌ಗೆ ಇನ್ನೊಂದು 300 ಸೇರಿಸಿ. ಒಟ್ಟು ಸುಮಾರು 605 ಆಯಿತು. ಹೊಸ ಬೈಕಿಗೆ 30,000 ಮುಂಗಡ ಕಟ್ಟಿ, ಉಳಿದ 70,000ಕ್ಕೆ ಮೂರು ವರ್ಷದ ಸಾಲ ಮಾಡಿದರೆ ಕಂತೇ 2,400ರ ಹತ್ತಿರ ಬರುತ್ತದೆ. ಇಲ್ಲಿ ರಿಪೇರಿಯೇ ಲಾಭ.

ಇನ್ನೊಂದು ಮನೆಯ ಲೆಕ್ಕ ಬೇರೆ. ಒಟ್ಟಿಗೆ ಮಾಡಿಸೋಕೆ ಮನಸ್ಸಿಲ್ಲದೆ ಈ ತಿಂಗಳು 1,200, ಮುಂದಿನ ತಿಂಗಳು 1,800 ಅಂತ ಸುರಿಯುತ್ತಿದ್ದಾರೆ. ಸರಾಸರಿ 1,500. ಲೀಟರಿಗೆ 60 ಕಿ.ಮೀ. ಕೊಡುತ್ತಿದ್ದ ಗಾಡಿ 40ಕ್ಕೆ ಇಳಿದಿದೆ. ತಿಂಗಳಿಗೆ 600 ಕಿ.ಮೀ. ಓಡಿಸಿದರೆ 10 ಲೀಟರ್ ಸಾಕಾಗುತ್ತಿದ್ದುದು 15 ಬೇಕು. ಲೀಟರಿಗೆ ನೂರು ಅಂತ ಹಿಡಿದರೂ 500 ಹೆಚ್ಚುವರಿ. ಅಲ್ಲಿಗೆ ತಿಂಗಳಿಗೆ 2,000 ಆಯಿತು. ಆಟೋ ಖರ್ಚು, ಆಫೀಸಿಗೆ ಹಾಕಿದ ಅರ್ಧ ದಿನದ ರಜೆ ಸೇರಿಸಿದರೆ ಹೊಸ ಗಾಡಿಯ ಕಂತಿಗೆ ಹತ್ತಿರ! ಗಾಡಿ ಬಿಡುವ ಯೋಚನೆ ಮಾಡಬೇಕಾದ್ದು ಇಲ್ಲಿ.

ಹಾಗಾಗಿ ಕಳೆದ ಹನ್ನೆರಡು ತಿಂಗಳ ರಿಪೇರಿ ಖರ್ಚನ್ನು ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ತಕರಾರು ಮೂರನೇ ಸಲ ಬಂದಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ. ಜಗಳವಿಲ್ಲದೆ ಮಾತಾಡೋಕೆ ಆ ಹಾಳೆಯೇ ಸಾಕು.

ಹೊಸದು ತೆಗೆದುಕೊಳ್ಳುವುದಾದರೆ ಶೋರೂಂ ಬೆಲೆ ಮಾತ್ರ ನೋಡಬೇಡಿ. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ನಿಜ. ಆದರೆ ರಸ್ತೆ ತೆರಿಗೆ ಮತ್ತು ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಬಿಎಸ್-6 ಗಾಡಿಗಳಲ್ಲಿ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಬಂದಿರುವುದರಿಂದ ಬೀದಿ ಕೊನೆಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಸರಿಮಾಡುವ ಕಾಲವೂ ಹೋಯಿತು.

ಹದಿನೈದು ವರ್ಷ ಆಯ್ತಾ?

‘ಹದಿನೈದು ವರ್ಷ ಆದ ಗಾಡಿ ಓಡಿಸೋ ಹಾಗಿಲ್ವಂತೆ’ ಎಂಬ ಮಾತು ಕೇಳಿರುತ್ತೀರಿ. ಅದು ದೆಹಲಿ ಸುತ್ತಮುತ್ತಲಿನ ನಿರ್ಬಂಧದಿಂದ ಹುಟ್ಟಿದ ಮಾತು. ನಮ್ಮಲ್ಲಿ ಖಾಸಗಿ ಬೈಕಿನ ಆರ್‌ಸಿ ಮೊದಲು 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒದಲ್ಲಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಜನ ‘ಎಫ್‌ಸಿ ಮಾಡಿಸೋದು’ ಅನ್ನುವುದು ಇದಕ್ಕೇ.

2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಏರಿತು. 20 ವರ್ಷ ದಾಟಿದ ಬೈಕುಗಳಿಗೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದರು. ಇದರ ಜೊತೆ ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ತಡವಾದರೆ ದಂಡ ತಿಂಗಳ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ಎಮಿಷನ್ ಸರ್ಟಿಫಿಕೇಟ್ ಬಿಎಸ್-3 ಮತ್ತು ಅದಕ್ಕೂ ಹಿಂದಿನ ಗಾಡಿಗಳಿಗೆ ಆರು ತಿಂಗಳು ಮಾತ್ರ. ದೊಡ್ಡ ರಿಪೇರಿಗೆ ಕೈಹಾಕುವ ಮೊದಲು ಆರ್‌ಸಿ ತೆಗೆದು ತಾರೀಖು ನೋಡಿ. ಎಂಜಿನ್‌ಗೆ ಹತ್ತು ಸಾವಿರ ಸುರಿದ ಮೇಲೆ ಕಾಗದವೇ ಇಲ್ಲ ಅಂತಾಗಬಾರದು.

ಮೆಕ್ಯಾನಿಕ್‌ಗೆ ಇಷ್ಟು ಕೇಳಿ

* ಎಲ್ಲ ಕೆಲಸ ಒಟ್ಟಿಗೆ ಮಾಡಿದರೆ ಎಷ್ಟಾಗುತ್ತೆ? ಬಾಯಲ್ಲಿ ಬೇಡ, ಚೀಟಿಯಲ್ಲಿ ಬರೆಸಿಕೊಳ್ಳಿ.

* ಇವತ್ತೇ ಮಾಡಿಸಬೇಕಾದ್ದು ಯಾವುದು, ಆರು ತಿಂಗಳು ತಡೆಯುವುದು ಯಾವುದು? ಬ್ರೇಕು, ಟೈರು, ಹ್ಯಾಂಡಲ್ ಮೊದಲು. ಪೇಂಟು, ಸೀಟ್ ಕವರು ಆಮೇಲೆ.

* ಸ್ಪೇರ್ ಪಾರ್ಟ್ಸ್ ಒರಿಜಿನಲ್ ಸಿಗುತ್ತಾ? ಸ್ಪ್ಲೆಂಡರ್ 1994ರಿಂದ ಓಡುತ್ತಿರುವ ಹೆಸರು, ಬಿಡಿಭಾಗ ಎಲ್ಲೂ ಸಿಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಹಳೇ ಯೆಜ್ಡಿಗೆ ಹುಡುಕಾಡಬೇಕು.

* ತೆಗೆದ ಹಳೇ ಪಾರ್ಟು ಕೈಗೆ ಕೊಡುತ್ತೀರಾ? ಇದೊಂದು ಪ್ರಶ್ನೆ ಕೇಳಿದರೆ ಬಿಲ್ ತಾನಾಗಿ ಸರಿಯಾಗಿರುತ್ತದೆ!

ಆಗಲೂ ಅನುಮಾನವಿದ್ದರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಮೊದಲನೆಯವರು ಏನು ಹೇಳಿದರು ಅಂತ ಮಾತ್ರ ಹೇಳಬೇಡಿ.

ಬಿಡುವುದಾದರೆ ಸರಿಯಾಗಿ ಬಿಡಿ

ತೂಕಕ್ಕೆ ಹಾಕಿ, ದುಡ್ಡು ಎಣಿಸಿಕೊಂಡು, ಕೈತೊಳೆದುಕೊಂಡರೆ ಮುಗಿಯಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಆ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ನೀವು ಮಾರಿದ ಬೈಕು ವಿಮೆಯಿಲ್ಲದೆ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆ ಬಾಗಿಲಿಗೆ.

ಆದ್ದರಿಂದ ಮಾರುವಾಗ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಕೊಂಡವರ ಗುರುತಿನ ಚೀಟಿಯ ಪ್ರತಿ, ಗಾಡಿ ಕೊಟ್ಟ ತಾರೀಖು-ಸಮಯ ಬರೆದ ಚೀಟಿ ಇಟ್ಟುಕೊಳ್ಳಿ. ಮಾರಿದ ವಿಷಯವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಹೆಸರು ಬದಲಾಯಿತೇ ಅಂತ ಕೊನೆಗೆ ಪರೀಕ್ಷಿಸಿ.

ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದುಂಟು. ಬ್ಯಾಂಕಿನಿಂದ ಎನ್‌ಒಸಿ, ಫಾರಂ 35 ತಂದು ತೆಗೆಸಿ. ಗಾಡಿ ಮಾವನವರ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಆಗಬೇಕು. ಇದಕ್ಕೆ ನಿಯಮದಲ್ಲಿರುವ ಗಡುವು ಮೂರು ತಿಂಗಳು.

ಓಡುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಗುಜರಿಯ ಬದಲು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. 2021ರ ನಿಯಮಗಳ ಪ್ರಕಾರ ಅಲ್ಲಿ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕಕ್ಕೆ ವಿನಾಯಿತಿಯಿದೆ. ಆರ್‌ಸಿ ರದ್ದಾದ ದಾಖಲೆಯನ್ನು ಜೋಪಾನ ಮಾಡಿ. ಹಾಂ, ಮನೆಯಲ್ಲಿರುವುದು ಹಳೇ ಯೆಜ್ಡಿ, ಆರ್‌ಎಕ್ಸ್ 100 ಆಗಿದ್ದರೆ ತೂಕಕ್ಕೆ ಹಾಕುವ ಮೊದಲು ನಾಲ್ಕು ಕಡೆ ವಿಚಾರಿಸಿ. ಹುಡುಕಿಕೊಂಡು ಬರುವ ಹವ್ಯಾಸಿಗಳಿದ್ದಾರೆ.

ಮನಸ್ಸಿಗೂ ಒಂದು ಜಾಗ ಇರಲಿ

ನಿಮಗೆ ಅಮ್ಮ ಕೊಟ್ಟ ಹಳೇ ಒರಳು, ರೇಷ್ಮೆ ಸೀರೆ ಹೇಗೋ, ಯಜಮಾನ್ರಿಗೆ ಆ ಬೈಕು ಹಾಗೆ. ಮೊದಲ ಸಂಬಳದ ಗಾಡಿಯನ್ನು ‘ತುಕ್ಕು ಡಬ್ಬ’ ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಮಕ್ಕಳೆದುರು ಹೀಗಳೆಯಬೇಡಿ. ಭಾನುವಾರ ಕಾಫಿ ಕೊಟ್ಟು, ಹಾಳೆ ಮುಂದಿಟ್ಟು, ‘ನೀವೇ ನೋಡಿ, ಏನ್ಮಾಡೋಣ ಹೇಳಿ’ ಅನ್ನಿ. ಗಾಡಿ ಸುರಕ್ಷಿತವಾಗಿದ್ದು, ಕಾಗದ ಸರಿಯಿದ್ದು, ದಿನಾ ಓಡಾಟಕ್ಕೆ ಬೇರೆ ವಾಹನವಿದ್ದರೆ ಹಳೆಯದನ್ನು ಇಟ್ಟುಕೊಳ್ಳುವುದೂ ತಪ್ಪಲ್ಲ. ಆ ಖರ್ಚನ್ನು ಮಾತ್ರ ಮನೆ ಖರ್ಚಿನಲ್ಲಿ ಸೇರಿಸದೆ ಹವ್ಯಾಸದ ಲೆಕ್ಕದಲ್ಲಿ ಬರೆಯಿರಿ.

ನೆನಪಿರಲಿ

* ಸವೆದ ಭಾಗಕ್ಕೆ ರಿಪೇರಿ, ಬಿರುಕು ಬಿಟ್ಟ ಚಾಸಿಸ್‌ಗೆ ವಿದಾಯ.

* ರಿಪೇರಿ ಮತ್ತು ಹೆಚ್ಚುವರಿ ಪೆಟ್ರೋಲ್ ಸೇರಿ ಹೊಸ ಗಾಡಿಯ ಕಂತಿನ ಹತ್ತಿರ ಬಂದರೆ ಬದಲಿಸುವ ಸಮಯ.

* ಥರ್ಡ್ ಪಾರ್ಟಿ ವಿಮೆ ಇಲ್ಲದೆ ಒಂದು ದಿನವೂ ಗಾಡಿ ರಸ್ತೆಗಿಳಿಯಬಾರದು.

* ಹೆಸರು ಬದಲಾಗುವವರೆಗೆ ಗಾಡಿ ಮಾರಿದ್ದೇವೆ ಅಂತ ನಿಶ್ಚಿಂತೆ ಬೇಡ.

* ಗಾಡಿ ಹಳೆಯದಿರಲಿ, ಹೊಸದಿರಲಿ, ಹಿಂದೆ ಕೂರುವ ನಿಮ್ಮ ತಲೆಗೂ ಹೆಲ್ಮೆಟ್ ಇರಲಿ.