ಆಟಿಕೆ ಪೆಟ್ಟಿಗೆಯಲ್ಲಿ ಇಲ್ಲದ ಜೋಸಿ

1985ರ ಅಕ್ಟೋಬರ್ ತಿಂಗಳ ಹೆಸರು ಹೊತ್ತು ಬಂದ ಮಾರ್ವೆಲ್‌ನ ‘ದ ಟ್ರಾನ್ಸ್‌ಫಾರ್ಮರ್ಸ್’ ಒಂಬತ್ತನೇ ಸಂಚಿಕೆಯಲ್ಲಿ ರೋಬಾಟ್‌ಗಳ ಕಾಳಗದ ನಡುವೆ ಒಬ್ಬ ಹೆಂಗಸು ನುಗ್ಗುತ್ತಾಳೆ. ಮೈಗಂಟಿದ ಬೆಳ್ಳಿ ಬಣ್ಣದ ಹೊದಿಕೆ, ಅದರ ತುಂಬ ಸರ್ಕ್ಯೂಟಿನ ಗೆರೆಗಳು, ಕೈಯಿಂದ ಚಿಮ್ಮುವ ಮಿಂಚು. ಹುಟ್ಟು ಹೆಸರು ಜೋಸಿ ಬೆಲ್ಲರ್. ಸೇಡಿಗೆಂದು ಇಟ್ಟುಕೊಂಡ ಹೆಸರು ಸರ್ಕ್ಯೂಟ್ ಬ್ರೇಕರ್. ಸೈಬರ್‌ಟ್ರಾನ್ ಗ್ರಹದಿಂದ ಬಂದಿಳಿದವರಲ್ಲಿ ಆಟೊಬಾಟ್‌ಗಳು ಒಳ್ಳೆಯವರು, ಡಿಸೆಪ್ಟಿಕಾನ್‌ಗಳು ಕೆಟ್ಟವರು ಎಂಬುದು ಓದುವ ಹುಡುಗರಿಗೆಲ್ಲ ಬಾಯಿಪಾಠ. ಅವಳಿಗೆ ಮಾತ್ರ ಆ ಲೆಕ್ಕ ಬೇಕಿಲ್ಲ. ಕಂಡ ರೋಬಾಟನ್ನೆಲ್ಲ ಹೊಡೆದು ಕೆಡವುವುದೇ ಅವಳ ಕೆಲಸ.

ಆಟಿಕೆ ಮಾರುವುದಕ್ಕೆಂದು ಹುಟ್ಟಿದ ಕಾಮಿಕ್‌ನೊಳಗೆ ಇಂಥ ಪಾತ್ರ ಹೇಗೆ ನುಸುಳಿತು? ಅದನ್ನು ತಿಳಿಯಲು ಜಪಾನಿನ ಆಟಿಕೆ ಅಂಗಡಿಗೆ ಹೋಗಬೇಕು.

ಟಕಾರ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಆಟಿಕೆ ಸರಣಿ ತಂದಿತ್ತು. ಮುಂದೆ ಕಾರು, ಲಾರಿಗಳಾಗಿ ಮಡಚಿಕೊಳ್ಳುವ ರೋಬಾಟ್‌ಗಳು ಅದರಲ್ಲಿ ಬಂದವು. ಆದರೆ ಆ ರೋಬಾಟ್‌ಗಳಿಗೆ ಜೀವವಿರಲಿಲ್ಲ, ಅವು ಬರೀ ಯಂತ್ರ. ಓಡಿಸಲು ಹೆಬ್ಬೆರಳಿಗಿಂತ ಚಿಕ್ಕ ಮನುಷ್ಯ ಬೊಂಬೆಗಳಿದ್ದವು, ಪಾದದಲ್ಲಿ ಆಯಸ್ಕಾಂತ ಇಟ್ಟುಕೊಂಡವು. ಲಾರಿಯ ಕಬ್ಬಿಣದ ಮೇಲೆ ಪಟಕ್ಕನೆ ಅಂಟಿ ನಿಲ್ಲುತ್ತಿದ್ದವು. ಅದೇ ಕಂಪನಿಯ ಇನ್ನೊಂದು ಸರಣಿ ಮೈಕ್ರೋ ಚೇಂಜ್. ಅದರಲ್ಲಿ ಪಿಸ್ತೂಲು, ಕ್ಯಾಸೆಟ್ಟುಗಳೇ ರೋಬಾಟ್ ಆಗುತ್ತಿದ್ದವು. ಅಮೆರಿಕದ ಹ್ಯಾಸ್ಬ್ರೊ ಕಂಪನಿ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿ ತನ್ನ ದೇಶದಲ್ಲಿ ಮಾರಲು ಹೊರಟಿತು. ಡಯಾಕ್ಲೋನಿನ ಲಾರಿ ಆಪ್ಟಿಮಸ್ ಪ್ರೈಮ್ ಆಯಿತು, ಮೈಕ್ರೋ ಚೇಂಜಿನ ಪಿಸ್ತೂಲು ಮೆಗಾಟ್ರಾನ್ ಆಯಿತು. ಪುಟಾಣಿ ಚಾಲಕರನ್ನು ಪೆಟ್ಟಿಗೆಯಿಂದಲೇ ತೆಗೆದುಹಾಕಿದರು. ರೋಬಾಟ್‌ಗಳೇ ಜೀವಂತ ಎಂದ ಮೇಲೆ ಒಳಗೆ ಕೂರಲು ಮನುಷ್ಯ ಯಾಕೆ?

ಹ್ಯಾಸ್ಬ್ರೊಗೆ ಕಾಮಿಕ್ ಬೇಕಾಗಿದ್ದರ ಹಿಂದೆ ಒಂದು ಜಾಣ ಲೆಕ್ಕಾಚಾರವಿದೆ. ಆಗ ಅಮೆರಿಕದ ಟಿವಿಯಲ್ಲಿ ಆಟಿಕೆಯ ಜಾಹೀರಾತಿಗೆ ಆನಿಮೇಷನ್ ಬಳಸುವುದಕ್ಕೆ ಕಟ್ಟುಪಾಡುಗಳಿದ್ದವು. ಇಲ್ಲದ ಚಮತ್ಕಾರ ತೋರಿಸಿ ಮಕ್ಕಳನ್ನು ಮೋಸಗೊಳಿಸಬಾರದು ಎಂದು. ಕಾಮಿಕ್ ಪುಸ್ತಕದ ಜಾಹೀರಾತಿಗೆ ಆ ಕಟ್ಟುಪಾಡು ಇರಲಿಲ್ಲ. ಹೀಗಾಗಿ 1982ರಲ್ಲೇ ಜಿ.ಐ. ಜೋ ಬೊಂಬೆಗಳಿಗಾಗಿ ಹ್ಯಾಸ್ಬ್ರೊ ಮಾರ್ವೆಲ್ ಜತೆ ಕೈಜೋಡಿಸಿ, ಕಾಮಿಕ್ ಪುಸ್ತಕವನ್ನು ಟಿವಿಯಲ್ಲಿ ಆನಿಮೇಷನ್ ಮೂಲಕ ಜಾಹೀರು ಮಾಡಿತ್ತು. ನೋಡಿದವರು ಪುಸ್ತಕದ ಅಂಗಡಿಗೂ ಹೋದರು, ಆಟಿಕೆ ಅಂಗಡಿಗೂ ಹೋದರು. ಗೆದ್ದ ಉಪಾಯವನ್ನು ಬಿಡುವುದುಂಟೆ?

ಮಾರ್ವೆಲ್‌ನ ಪ್ರಧಾನ ಸಂಪಾದಕ ಜಿಮ್ ಶೂಟರ್ ಎರಡು ಬಣಗಳ ಯುದ್ಧದ ಕಥೆಗೆ ಅಡಿಪಾಯ ಹಾಕಿದ. ಲೇಖಕ ಡೆನಿಸ್ ಓ’ನೀಲ್ ಮೊದಲು ಬರೆದುಕೊಟ್ಟ ಹೆಸರುಗಳಲ್ಲಿ ಹೆಚ್ಚಿನವು ಹ್ಯಾಸ್ಬ್ರೊಗೆ ಹಿಡಿಸಲಿಲ್ಲ. ಉಳಿದುಕೊಂಡದ್ದರಲ್ಲಿ ಆಪ್ಟಿಮಸ್ ಪ್ರೈಮ್ ಒಂದು. 1983ರ ನವೆಂಬರ್‌ನಲ್ಲಿ, ಗಡುವು ಕುತ್ತಿಗೆಗೆ ಬಂದಾಗ, ಶೂಟರ್ ಹಿಡಿದದ್ದು ಬಾಬ್ ಬುಡಿಯಾನ್ಸ್ಕಿ ಎಂಬ ಸಂಪಾದಕನನ್ನು. ಹಬ್ಬದ ರಜೆಯ ವಾರಾಂತ್ಯದಲ್ಲಿ ಕೂತು ಇಪ್ಪತ್ತಕ್ಕೂ ಹೆಚ್ಚು ರೋಬಾಟ್‌ಗಳಿಗೆ ಆತ ಹೆಸರು, ಸ್ವಭಾವ ಬರೆದುಕೊಟ್ಟ. ಮೆಗಾಟ್ರಾನ್ ಎಂಬ ಹೆಸರು ಕೇಳಿ ಹ್ಯಾಸ್ಬ್ರೊದವರು, ಇದು ತೀರಾ ಭಯ ಹುಟ್ಟಿಸುವಂತಿದೆ ಎಂದರಂತೆ. ಖಳನಾಯಕ ಭಯ ಹುಟ್ಟಿಸಲಿ ಅಂತಲೇ ಇಟ್ಟದ್ದು ಎಂದು ಬುಡಿಯಾನ್ಸ್ಕಿ ಪಟ್ಟು ಹಿಡಿದ.

ನಾಲ್ಕೇ ಸಂಚಿಕೆ ಎಂದು 1984ರಲ್ಲಿ ಶುರುವಾದ ಸರಣಿ ಚೆನ್ನಾಗಿ ಮಾರಾಟವಾಗಿ ಮಾಸಿಕವಾಯಿತು. ಐದನೇ ಸಂಚಿಕೆಯಿಂದ ಕಥೆ ಬರೆಯುವ ಹೊಣೆ ಬುಡಿಯಾನ್ಸ್ಕಿಯ ಹೆಗಲೇರಿತು. ಕೆಲಸ ಸಲೀಸಿನದಾಗಿರಲಿಲ್ಲ. ಮಾರುಕಟ್ಟೆಗೆ ಹೊಸ ಆಟಿಕೆ ಬಂತೆಂದರೆ ಅದಕ್ಕೆ ಕಥೆಯಲ್ಲಿ ಜಾಗ ಕೊಡಬೇಕು. ಹಳೆಯದರ ಮಾರಾಟ ನಿಂತರೆ ಅದನ್ನು ಬದಿಗೆ ಸರಿಸಬೇಕು. ಯಾರು ಬರಬೇಕು, ಯಾರು ಹೋಗಬೇಕು ಎಂಬುದು ಮಾರಾಟದ ಪಟ್ಟಿಯಲ್ಲೇ ತೀರ್ಮಾನವಾಗಿರುತ್ತಿತ್ತು. ಮನುಷ್ಯರಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಬುಡಿಯಾನ್ಸ್ಕಿಗೆ ಮನಬಂದಂತೆ ಬರೆಯುವ ಸ್ವಾತಂತ್ರ್ಯ ಸಿಕ್ಕದ್ದು ಅಲ್ಲೇ.

ಆರನೇ ಸಂಚಿಕೆಯಲ್ಲಿ ಉದ್ಯಮಿ ಜಿ.ಬಿ. ಬ್ಲ್ಯಾಕ್‌ರಾಕ್‌ನ ಸಮುದ್ರದ ಎಣ್ಣೆ ಬಾವಿಯ ಮೇಲೆ ಡಿಸೆಪ್ಟಿಕಾನ್ ಶಾಕ್‌ವೇವ್ ದಾಳಿ ಮಾಡುತ್ತಾನೆ: ನೇರಳೆ ಮೈ, ಒಂಟಿಕಣ್ಣು, ಎಡಗೈ ಜಾಗದಲ್ಲಿ ಬಂದೂಕು. ಅವನಿಗೆ ಬೇಕಿರುವುದು ಇಂಧನ. ಅಲ್ಲಿದ್ದ ಕಂಪ್ಯೂಟರ್ ತಜ್ಞೆ ಜೋಸಿಗೆ ವಿದ್ಯುತ್ ಹೊಡೆದು ಮೈ ಸ್ವಾಧೀನ ತಪ್ಪುತ್ತದೆ. ಉಳಿದದ್ದು ಬಲಗೈ ಒಂದೇ. ಅವಳ ಮೇಲೆ ಶಾಕ್‌ವೇವ್‌ಗೆ ಹಗೆಯೇನೂ ಇರಲಿಲ್ಲ, ಅವಳು ದಾರಿಗೆ ಅಡ್ಡ ಇದ್ದಳು, ಅಷ್ಟೆ. ನನಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ಕ್ರೂರವಾಗಿ ಕಂಡದ್ದು ಈ ಉದಾಸೀನ. ಅದೊಂದು ಕೈಯಿಂದಲೇ ಅವಳು ತನ್ನ ಕಾಲನ್ನು, ಮೈಯನ್ನು ಆಡಿಸಬಲ್ಲ ಸರ್ಕ್ಯೂಟಿನ ಹೊದಿಕೆ ರೂಪಿಸಿಕೊಳ್ಳುತ್ತಾಳೆ. ಮುಂದೆ ಅದೇ ಬ್ಲ್ಯಾಕ್‌ರಾಕ್ ಆಟೊಬಾಟ್‌ಗಳ ಜತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಇಂಧನ ನಾನು ಕೊಡುತ್ತೇನೆ, ಕಾವಲು ನೀವು ಕೊಡಿ ಎಂದು. ಒಂಬತ್ತನೇ ಸಂಚಿಕೆಯಲ್ಲಿ ಜೋಸಿ ಎರಗುವುದು ಆ ಆಟೊಬಾಟ್‌ಗಳ ಮೇಲೆಯೇ.

ಅವಳು ತಪ್ಪು ಮಾಡುತ್ತಿದ್ದಾಳೆಂದು ಓದುಗನಿಗೆ ಗೊತ್ತು. ಆದರೂ ಅವಳ ಕಡೆಯಿಂದ ನೋಡಿ. ಯಾರದೋ ಗ್ರಹದ ದಾಯಾದಿ ಜಗಳ ನಿಮ್ಮ ಊರಿಗೆ ಬಂದು ನಿಮ್ಮ ಮೈಯನ್ನೇ ಕಿತ್ತುಕೊಂಡ ಮೇಲೆ, ಇವನ ಎದೆಯ ಮೇಲಿನ ಗುರುತು ಕೆಂಪೋ ನೇರಳೆಯೋ ಎಂದು ನೋಡುವ ವ್ಯವಧಾನ ಯಾರಿಗಿರುತ್ತದೆ? ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನು ಇಂಥ ಪ್ರಶ್ನೆಯ ಹತ್ತಿರಕ್ಕೂ ಹೋಗಲಿಲ್ಲ. ಅಲ್ಲಿ ಮನುಷ್ಯರೆಂದರೆ ಬಹುಪಾಲು ರೋಬಾಟ್‌ಗಳ ಗೆಳೆಯರು.

ಬುಡಿಯಾನ್ಸ್ಕಿ ಅವಳನ್ನು ಒಂದೇ ಕಥೆಗೆ ಮುಗಿಸಲಿಲ್ಲ. 22 ಮತ್ತು 23ನೇ ಸಂಚಿಕೆಗಳಲ್ಲಿ ಅವಳು ಸರ್ಕಾರದ ರೋಬಾಟ್ ನಿಗ್ರಹ ದಳಕ್ಕೆ ದುಡಿಯುತ್ತಾಳೆ, ಹಿಡಿದ ಆಟೊಬಾಟ್‌ಗಳನ್ನು ಬಿಡಿಭಾಗಗಳಾಗಿ ಬಿಚ್ಚಿಡುತ್ತಾಳೆ. ಅಷ್ಟರಲ್ಲಿ ಇಬ್ಬರು ಪುಂಡ ಡಿಸೆಪ್ಟಿಕಾನ್‌ಗಳು ಊರೂರಿನ ಸ್ಮಾರಕಗಳ ಮೇಲೆ ಗೀಚುತ್ತ ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಬರುತ್ತಾರೆ. ಅವರನ್ನು ತಡೆಯಲು ಅವಳಿಗೆ ಬೇರೆ ದಾರಿ ಇಲ್ಲ. ಸೆರೆಯಲ್ಲಿದ್ದವರ ಬಿಡಿಭಾಗಗಳನ್ನೇ ಜೋಡಿಸಿ ಒಂದು ರೋಬಾಟ್ ಕಟ್ಟಬೇಕು. ಕಟ್ಟುತ್ತಾಳೆ. ಕೆಲಸವಾದ ಮೇಲೆ, ಹಲ್ಲು ಕಚ್ಚಿಕೊಂಡು, ಕೊಟ್ಟ ಮಾತಿನಂತೆ ಆ ಆಟೊಬಾಟ್‌ಗಳನ್ನು ಬಿಟ್ಟುಬಿಡುತ್ತಾಳೆ. ಕ್ಷಮಿಸುವುದಿಲ್ಲ. ಇಲ್ಲಿ ಬುಡಿಯಾನ್ಸ್ಕಿಗೆ ಶಹಭಾಸ್ ಅನ್ನಬೇಕು: ಅಪ್ಪಿ ಮುದ್ದಾಡಿಸಿ ಕಥೆ ಮುಗಿಸುವ ಚಪಲವನ್ನು ಆತ ತಡೆದುಕೊಂಡ.

ಇನ್ನು ಒಡೆತನದ ಮಾತು. ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್‌ನಲ್ಲಿ ಹೊಸದಾಗಿ ಹುಟ್ಟುವ ಪಾತ್ರ ಹ್ಯಾಸ್ಬ್ರೊ ಪಾಲಾಗುವ ಸಾಧ್ಯತೆ ಇತ್ತು. ಅದಕ್ಕೇ ಮಾರ್ವೆಲ್ ಒಂದು ಚಾಲಾಕಿ ಮಾಡಿತು. ಒಂಬತ್ತನೇ ಸಂಚಿಕೆಗಿಂತ ಒಂದು ತಿಂಗಳು ಮುಂಚಿನ ತಾರೀಖಿದ್ದ ‘ಸೀಕ್ರೆಟ್ ವಾರ್ಸ್ 2’ರ ಮೂರನೇ ಸಂಚಿಕೆಯಲ್ಲಿ ಸರ್ಕ್ಯೂಟ್ ಬ್ರೇಕರ್‌ಳನ್ನು ಒಮ್ಮೆ ಮುಖ ತೋರಿಸಿ ಕಳಿಸಿತು. ಆ ಸರಣಿ ಮಾರ್ವೆಲ್‌ನ ಸ್ವಂತದ್ದು. ಹೀಗೆ ಜೋಸಿಯೂ ಮಾರ್ವೆಲ್‌ನ ಆಸ್ತಿಯಾದಳು.

ಬುಡಿಯಾನ್ಸ್ಕಿ 55ನೇ ಸಂಚಿಕೆಗೆ ಲೇಖನಿ ಕೆಳಗಿಟ್ಟ. ಆಮೇಲೆ ಬಂದ ಬ್ರಿಟನ್ನಿನ ಸೈಮನ್ ಫರ್ಮನ್ ಅವಳನ್ನು ಮತ್ತೆ ಕರೆತಂದು, ಗ್ರಹಗಳನ್ನೇ ನುಂಗುವ ಯೂನಿಕ್ರಾನ್ ಎದುರಿನ ಯುದ್ಧಕ್ಕೂ ನೂಕಿದ. 1991ರಲ್ಲಿ 80ನೇ ಸಂಚಿಕೆಯೊಂದಿಗೆ ಸರಣಿ ನಿಂತಿತು. ಮುಖಪುಟದಲ್ಲಿ, ನಾಲ್ಕು ಸಂಚಿಕೆಗಳ ಸರಣಿಯ 80ನೆಯದು ಇದು ಎಂಬ ಚೇಷ್ಟೆ ಇತ್ತು. ಮುಂದೆ ರೋಬಾಟ್‌ಗಳ ಕಾಮಿಕ್ ಹಕ್ಕು ಡ್ರೀಮ್‌ವೇವ್, ಐಡಿಡಬ್ಲ್ಯು, ಈಗ ಸ್ಕೈಬೌಂಡ್ ಎಂದು ಕೈ ಬದಲಾಯಿಸುತ್ತ ಹೋಯಿತು. ಜೋಸಿಯ ಹಕ್ಕು ಆ ಗಂಟಿನ ಜತೆ ಹೋಗುವಂಥದ್ದಾಗಿರಲಿಲ್ಲ. 2007ರಿಂದ ಮಾರ್ವೆಲ್ ಪಾತ್ರಗಳ ಆಟಿಕೆ ತಯಾರಿಸುವ ಪರವಾನಗಿಯೂ ಹ್ಯಾಸ್ಬ್ರೊ ಕೈಗೆ ಬಂತು. ಆಪ್ಟಿಮಸ್ ಪ್ರೈಮ್ ಪೆಟ್ಟಿಗೆ ಮೇಲೆ ಇರುವ ಕಂಪನಿಯ ಹೆಸರೇ ಈಗ ಸ್ಪೈಡರ್‌ಮ್ಯಾನ್ ಪೆಟ್ಟಿಗೆ ಮೇಲೂ ಇದೆ.