ಹಳೆಯ ಜೀಪಿಗೆ ದೊಡ್ಡ ಟಯರು ಹಾಕಿಸುವ ಮೊದಲು



ಈ ದಿನ ಬೀಜ, ಗೊಬ್ಬರ, ಕೊಳೆರೋಗ ಇವುಗಳ ವಿಚಾರ ಹೇಳಲು ಬಂದಿಲ್ಲ. ನಿಮ್ಮ ಅಂಗಳದಲ್ಲಿ ನಿಂತಿರುವ ಹಳೆಯ ಜೀಪಿನ ಬಗ್ಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಕೃಷಿ ಡಿಪ್ಲೊಮಾ ಓದಿದವನಿಗೆ ಮೋಟಾರಿನ ಉಸಾಬರಿ ಯಾಕೆ ಎಂದು ಕೇಳುವವರು ಕೇಳಿಯಾರು. ಆದರೆ ಅಚವೆ, ಹಿಲ್ಲೂರು ಕಡೆಯ ಅಡಿಕೆಯಾಗಲಿ, ಅಂಕೋಲೆಯ ಕರಿ ಈಶಾಡ ಮಾವಾಗಲಿ, ತೋಟದಿಂದ ಡಾಂಬರು ರಸ್ತೆಯವರೆಗೆ ಬಾರದೆ ಹೋದರೆ ಬೆಳೆದು ಏನು ಬಂತು? ಆದ್ದರಿಂದ ಇದೂ ಕೃಷಿಯ ಮಾತೇ.

ಮಳೆಗಾಲ ಹತ್ತಿರ ಬಂತೆಂದರೆ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದುಂಟು. “ಸಾಹೇಬ್ರೆ, ಜೀಪಿಗೆ ದೊಡ್ಡ ಟಯರು ಹಾಕಿಸ್ಬಿಡ್ಲಾ? ಕೆಸರಲ್ಲಿ ಹೂತುಕೊಳ್ಳೂದೇ ಇಲ್ಲ ಅಂತಾರೆ.” ಅಂತಾರೆ, ನಿಜ. ಅದರಲ್ಲಿ ಅರ್ಧ ಮಾತು ಖರೆ. ಉಳಿದರ್ಧವನ್ನು ಹೇಳುವವರು ಕಡಿಮೆ.

ಮಹೀಂದ್ರಾ ಕಂಪನಿಯವರು 1947ರ ನಂತರ ಮುಂಬಯಿಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಆಮೇಲೆ ಇಲ್ಲಿಯೇ ತಯಾರಿಸಿದರು. ಅದೇ ವಂಶದ ನಾಲ್ಕು ಗಾಲಿ ಎಳೆತದ ಜೀಪುಗಳು ನಮ್ಮ ಘಟ್ಟದ ಬುಡದ ಊರುಗಳಲ್ಲಿ ಇಂದಿಗೂ ದುಡಿಯುತ್ತಿವೆ. ಹಳೆಯವುಗಳ ಟಯರಿನ ಪಕ್ಕೆಯಲ್ಲಿ ಸಾಮಾನ್ಯವಾಗಿ 6.00-16 ಎಂದು ಅಚ್ಚಾಗಿರುತ್ತದೆ. ಆರು ಎಂಬುದು ಟಯರಿನ ಅಗಲ, ಹದಿನಾರು ಎಂಬುದು ಒಳಗಿನ ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ಟಯರು ಎಷ್ಟು ಎತ್ತರವೆಂದು ಇದರಲ್ಲಿ ನೇರವಾಗಿ ಬರೆದಿಲ್ಲ ನೋಡಿ. ಅದನ್ನು ನೀವೇ ಅಳೆಯಬೇಕು. ಟಯರು ನೆಲಕ್ಕೆ ತಾಗಿದಲ್ಲಿ ಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ಮುಂದೆ ತಳ್ಳಿ. ಗುರುತು ಮತ್ತೆ ನೆಲಕ್ಕೆ ಬರುವವರೆಗಿನ ದೂರವನ್ನು ಟೇಪು ಹಿಡಿದು ನೋಡಿ. ಗಾಲಿಯ ಒಂದು ಸುತ್ತಿನ ನಡಿಗೆ ಅದು.

ಈಗ ಲೆಕ್ಕ ಮಾಡೋಣ. ಟಯರು 28 ಇಂಚು ಎತ್ತರವಿದ್ದರೆ ಒಂದು ಸುತ್ತಿಗೆ ಸುಮಾರು 88 ಇಂಚು ನಡೆಯುತ್ತದೆ. 31 ಇಂಚಿನದು ಹಾಕಿದರೆ 97 ಇಂಚು. ಅಂದರೆ ನೂರಕ್ಕೆ ಹನ್ನೊಂದರಷ್ಟು ಹೆಚ್ಚು. ಆದರೆ ಆಕ್ಸಲಿನ ಕೆಳಗೆ ನಿಮಗೆ ಸಿಗುವ ಎತ್ತರ ಮೂರು ಇಂಚಲ್ಲ, ಒಂದೂವರೆ ಇಂಚು ಮಾತ್ರ. ಟಯರಿನ ಎತ್ತರದಲ್ಲಿ ಅರ್ಧ ಆಕ್ಸಲಿನ ಮೇಲಕ್ಕೆ ಹೋಯಿತಲ್ಲ!

ಈ ಒಂದೂವರೆ ಇಂಚಿಗೆ ಕೊಡುವ ಬೆಲೆ ಏನು? ಎಂಜಿನ್ನಿನ ಶಕ್ತಿ ಅಷ್ಟೇ ಇದೆ, ಗೇರಿನ ಹಲ್ಲೂ ಅಷ್ಟೇ ಇದೆ. ಗಾಲಿ ದೊಡ್ಡದಾದ್ದರಿಂದ ನೆಲದ ಮೇಲೆ ಎಳೆತ ನೂರಕ್ಕೆ ಹತ್ತರಷ್ಟು ತಗ್ಗುತ್ತದೆ. ಏರಿನಲ್ಲಿ ಕ್ಲಚ್ಚು ಸುಡುವುದು ಇದರಿಂದಲೇ. ಬ್ರೇಕಿನ ಸಂಗತಿಯೂ ಹಾಗೆಯೇ: ಪೆಡಲು ಮೊದಲಿನಷ್ಟೇ ಒತ್ತಿದರೆ ಹಿಡಿತ ಹತ್ತನೇ ಒಂದು ಪಾಲು ಕಡಿಮೆ. ಹಳೆಯ ಡ್ರಮ್ ಬ್ರೇಕು, ಅದರೊಳಗೆ ಹಳ್ಳದ ನೀರು, ಹಿಂದೆ ಎಂಟು ಜನ, ಮುಂದೆ ಇಳಿಜಾರು. ಯೋಚನೆ ಮಾಡಿ. ಸ್ಪೀಡು ತೋರಿಸುವ ಮುಳ್ಳು 40 ಎನ್ನುವಾಗ ಗಾಡಿ 44ರಲ್ಲಿ ಓಡುತ್ತಿರುತ್ತದೆ. ಕಿಲೋಮೀಟರಿನ ಲೆಕ್ಕವೂ ಕಡಿಮೆ ಬೀಳುವುದರಿಂದ, ಟಯರು ಹಾಕಿದ ಮೇಲೆ ಡೀಸೆಲು ಬಹಳ ಕುಡಿಯುತ್ತದೆ ಎಂದು ದೂರುವವರ ದೂರಿನಲ್ಲಿ ಒಂದು ಭಾಗ ಬರೀ ಮುಳ್ಳಿನ ಸುಳ್ಳು.

ಇದಕ್ಕಿಂತ ಕೆಟ್ಟದ್ದು, ಖರ್ಚು ಉಳಿಸಲು ಹಿಂದಿನ ಎರಡಕ್ಕೆ ಮಾತ್ರ ದೊಡ್ಡದು ಹಾಕಿಸುವುದು. ನನ್ನ ಸೋದರಮಾವ ಹಾಗೆ ಮಾಡಿದರು. “ಭಾರ ಬೀಳೂದು ಹಿಂದೆ ಅಲ್ವಾ ತಮ್ಮ, ಮುಂದೆ ಯಾಕೆ ದಂಡ?” ಎಂದರು. ನನಗೂ ಆಗ ಸರಿಯೆಂದೇ ಕಂಡಿತು. ಹಿಂದಿನ ಗಾಲಿಯ ಎಳೆತದಲ್ಲೇ ಓಡುವಾಗ ಏನೂ ತೊಂದರೆ ಇರಲಿಲ್ಲ. ಜೂನ್ ತಿಂಗಳಲ್ಲಿ ಗೊಬ್ಬರ ಹೇರಿಕೊಂಡು ಏರು ಹತ್ತುವಾಗ ನಾಲ್ಕೂ ಗಾಲಿಗೆ ಎಳೆತ ಕೊಟ್ಟೆವು. ಕೆಸರು ದಾಟಿ ಗಟ್ಟಿ ನೆಲಕ್ಕೆ ಬಂದ ಮೇಲೆ ಸ್ಟಿಯರಿಂಗು ಕಲ್ಲಿನಂತಾಯಿತು, ಲಿವರು ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಬಲ ಹಾಕಿ ಮುಂದೆ ಓಡಿಸಿದೆವು. ಕ್ರಾಸು ಮುರಿಯಿತು. ಆ ರಾತ್ರಿ ಗೊಬ್ಬರದ ಚೀಲಗಳನ್ನು ಮಳೆಯಲ್ಲಿ ತಲೆಯ ಮೇಲೆ ಹೊತ್ತೆವು.

ಕಾರಣ ಇಷ್ಟು. ಈ ಹಳೆಯ ಜೀಪುಗಳಲ್ಲಿ ನಾಲ್ಕೂ ಗಾಲಿಗೆ ಎಳೆತ ಕೊಟ್ಟೊಡನೆ ಮುಂದಿನ ಆಕ್ಸಲು, ಹಿಂದಿನ ಆಕ್ಸಲು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಎರಡೂ ಒಂದೇ ಲೆಕ್ಕದಲ್ಲಿ ಸುತ್ತಲೇಬೇಕು. ಒಂದೇ ನೊಗಕ್ಕೆ ಉದ್ದ ಹೆಜ್ಜೆಯ ಎತ್ತನ್ನೂ ಗಿಡ್ಡ ಹೆಜ್ಜೆಯ ಎತ್ತನ್ನೂ ಕಟ್ಟಿದ ಹಾಗೆ. ಕೆಸರಿನಲ್ಲಿ ಗಾಲಿ ಜಾರಿ ಲೆಕ್ಕ ಸರಿಯಾಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲ, ಬಿಗಿತವೆಲ್ಲ ಹಲ್ಲು ಕ್ರಾಸುಗಳ ಮೇಲೆ ಬೀಳುತ್ತದೆ. ಲಿವರು ಕಚ್ಚಿಕೊಂಡರೆ ಮುಂದೆ ಓಡಿಸಬೇಡಿ. ನಿಧಾನವಾಗಿ ನಾಲ್ಕಾರು ಮಾರು ಹಿಂದಕ್ಕೆ ತನ್ನಿ, ಬಿಗಿತ ಬಿಚ್ಚಿ ತಾನಾಗಿ ಬರುತ್ತದೆ. ಟಯರು ಬದಲಿಸುವುದಿದ್ದರೆ ನಾಲ್ಕೂ ಒಂದೇ ಅಳತೆ, ಒಂದೇ ಸವೆತ. ಸ್ಟೆಪ್ನಿಯೂ ಅದೇ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಿಸಲು ಕಾರವಾರದ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ. ಆದ್ದರಿಂದ ನಿಮ್ಮ ಮಾದರಿಗೆ ಕಂಪನಿಯವರು ಎರಡನೇ ಅಳತೆ ಯಾವುದಾದರೂ ಒಪ್ಪಿದ್ದಾರೆಯೇ ಎಂದು ಗಾಡಿಯ ಪುಸ್ತಕದಲ್ಲಿ ನೋಡಿ. ಇದ್ದರೆ ಅದರೊಳಗೇ ಇರಿ.

ಹಾಗಾದರೆ ಕೆಸರಿಗೆ ಏನು ಉಪಾಯ? ಮೊದಲು ನೆಲ ನೋಡಿ. ನಮ್ಮ ಗುಡ್ಡದ ದಾರಿಯಲ್ಲಿ ಬಹಳ ಕಡೆ ಮೇಲೆ ಒಂದು ಗೇಣು ಕೆಸರು, ಅಡಿಯಲ್ಲಿ ಚಿರೆಕಲ್ಲಿನ ಗಟ್ಟಿ. ಇಂಥಲ್ಲಿ ಅಗಲ ಟಯರು ಕೆಸರಿನ ಮೇಲೆ ತೇಲಿ ಅಡ್ಡಡ್ಡ ಜಾರುತ್ತದೆ. ಸಪೂರ ಟಯರು ಕೆಸರು ಸೀಳಿ ಕಲ್ಲನ್ನು ಹಿಡಿಯುತ್ತದೆ. ಆದ್ದರಿಂದ ಅಳತೆ ಹಳೆಯದೇ ಇರಲಿ, ದಪ್ಪ ಹಲ್ಲಿನದು ಹಾಕಿ. ತೀರಾ ಜಾರುವ ಜಾಗಕ್ಕೆ ಹಿಂದಿನ ಗಾಲಿಗಳಿಗೆ ಸರಪಳಿ ಸುತ್ತಿ, ಡಾಂಬರಿಗೆ ಬಂದೊಡನೆ ಬಿಚ್ಚಿ.

ಹಾರವಾಡ, ಮಾಜಾಳಿ ಕಡೆ ಮೀನಿನ ಬುಟ್ಟಿ ಹೇರಲು ಮರಳಿಗೆ ಇಳಿಸುವವರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಅಡಿಯಲ್ಲಿ ಗಟ್ಟಿಯೇ ಇಲ್ಲ, ತೇಲಬೇಕು. ಅದಕ್ಕೂ ಹೊಸ ಟಯರು ಬೇಡ. ಗಾಳಿಯನ್ನು ಕಾಲು ಪಾಲು ಇಳಿಸಿ, ಟಯರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ನಿಧಾನ ಹೋಗಿ. ಹೆದ್ದಾರಿ ಹತ್ತುವ ಮೊದಲು ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಪಕ್ಕೆ ಕಾದು ಒಡೆಯುತ್ತದೆ. ಮಾವು ಹೇರುವವರು ಇದಕ್ಕೆ ವಿರುದ್ಧವಾದ ತಪ್ಪು ಮಾಡುತ್ತಾರೆ: ಗಾಳಿ ಕಲ್ಲಿನಂತೆ ತುಂಬಿಸಿ, ಕುಲುಕಿ ಕುಲುಕಿ ಹಣ್ಣಿಗೆ ಕಪ್ಪು ತರಿಸುತ್ತಾರೆ.

ಟಯರಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ದಾರಿಗೆ ಹಾಕಿ ಎಂದೂ ಹೇಳುವೆ. ನೀರು ದಾರಿಯ ಮೇಲೆಯೇ ಹರಿದರೆ ಯಾವ ಟಯರೂ ನಿಲ್ಲದು. ಮೇಲ್ಬದಿಗೆ ಒಂದು ಗಟಾರ ತೆಗೆದು, ಹೊಂಡಕ್ಕೆ ಚಿರೆಕಲ್ಲಿನ ಚೂರು ತುಂಬಿಸಿದರೆ ನೆರೆಯವರ ಜೀಪಿಗೂ ದಾರಿಯಾಯಿತು. ಗುಡ್ಡವೇ ಕುಸಿಯುವ ಜಾಗದ ಮಾತು ಬೇರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದಿತು. ಧೋ ಎಂದು ಸುರಿಯುವಾಗ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ನಾಲ್ಕು ಗಾಲಿಯ ಎಳೆತ ಇದೆಯೆಂಬ ಧೈರ್ಯ ಅಲ್ಲಿ ಬೇಡ.

ಕಂಪನಿ ಒಪ್ಪಿದ ದೊಡ್ಡ ಅಳತೆಯೇ ಸಿಕ್ಕಿತೆನ್ನಿ. ಆಗಲೂ ರಿಮ್ಮಿನ ಅಗಲ ಅದಕ್ಕೆ ಹೊಂದುತ್ತದೆಯೇ ಕೇಳಿ, ಟ್ಯೂಬೂ ಅದೇ ಅಳತೆಯದಿರಲಿ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತುಂಟು: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹೊಸದೆಂದು ಹಳೆಯ ಸರಕು ಕೊಟ್ಟಾರು. ಹಾಕಿಸಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಪ್ಲೇಟಿಗೆ ಉಜ್ಜುತ್ತದೆಯೇ ನೋಡಿ. ಜಾಕು ಗಾಲಿಯನ್ನು ನೆಲದಿಂದ ಎತ್ತುವಷ್ಟು ಉದ್ದವಿದೆಯೇ ಎಂದು ಮನೆಯ ಅಂಗಳದಲ್ಲೇ ಪರೀಕ್ಷಿಸಿ, ಕಾಡಿನ ನಡುವೆ ಅಲ್ಲ. ಟಯರು ದೊಡ್ಡದಾಯಿತೆಂದು ಒಂದು ಚೀಲವನ್ನೂ ಹೆಚ್ಚು ಹೇರತಕ್ಕದ್ದಲ್ಲ. ಪಟ್ಟಾ, ಆಕ್ಸಲು ಹಳೆಯವೇ ಇವೆ. ಐವತ್ತು ಕಿಲೋಮೀಟರು ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.